ಬರದ ಲೆಕ್ಕದಲ್ಲಿ ಬಡವರ ಪಾಲು

ಪತ್ರಕರ್ತ ಪಿ. ಸಾಯಿನಾಥ್‌ರ ‘ಎವೆರಿಬಡಿ ಲವ್ಸ್ ಎ ಗುಡ್ ಡ್ರಾಟ್’ 1996ರಲ್ಲಿ ಪ್ರಕಟವಾಯಿತು. ಜಿ.ಎನ್. ಮೋಹನ್ ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಕೇಂದ್ರ ಮತ್ತು ರಾಜ್ಯಗಳ ನಡುವೆ ಪರಿಹಾರದ ಹಣಕ್ಕಾಗಿ ಜಗ್ಗಾಟ ನಡೆದಾಗಲೆಲ್ಲ ಈ ಪುಸ್ತಕದ ಹೆಸರು ಕೇಳಿಬರುತ್ತದೆ. ಆದರೆ ಹೆಸರನ್ನು ಉದ್ಧರಿಸುವವರೆಲ್ಲ ಪುಸ್ತಕವನ್ನು ಓದಿದ್ದಾರೆಯೇ ಎಂಬ ಸಂದೇಹ ನಮಗಿದೆ.

ದೇಶದ ಕಡುಬಡ ಜಿಲ್ಲೆಗಳಲ್ಲಿ ಸುತ್ತಾಡಿ ಸಾಯಿನಾಥ್ ಬರೆದ ವರದಿಗಳ ಸಂಕಲನವಿದು. ಬಿಹಾರದ ಪಲಾಮುವಿನಲ್ಲಿ (ಈಗ ಅದು ಜಾರ್ಖಂಡ್‌ನಲ್ಲಿದೆ) ಜನರು ಬರ ಪರಿಹಾರವನ್ನು ‘ಮೂರನೇ ಬೆಳೆ’ ಎಂದು ಕುಹಕವಾಡುತ್ತಾರೆ. ಅದನ್ನು ಕೊಯ್ಯುವವನು ರೈತನಲ್ಲ. ಗುತ್ತಿಗೆದಾರ, ಅಧಿಕಾರಿ ಮತ್ತು ಪುಢಾರಿ. ಒಡಿಶಾದ ಕಾಲಾಹಂಡಿಯಲ್ಲಿ ಮಳೆಯ ಕೊರತೆಗಿಂತ ನ್ಯಾಯದ ಕೊರತೆಯೇ ಹಸಿವಿಗೆ ಕಾರಣ ಎಂಬುದನ್ನು ಅವರು ತೋರಿಸುತ್ತಾರೆ. ಬರವನ್ನು ಪ್ರೀತಿಸುವ ‘ಎಲ್ಲರ’ ಪಟ್ಟಿಯಲ್ಲಿ ಬಡವನ ಹೆಸರಿಲ್ಲ. ಪುಸ್ತಕದ ತಿರುಳೇ ಇದು.

ಆದರೆ ಆ ಮಾತು ನಮ್ಮ ನಾಡಿನಲ್ಲಿ ಹೇಗೆ ತಲೆಕೆಳಗಾಯಿತು ನೋಡಿ. 2023ರ ಡಿಸೆಂಬರ್‌ನಲ್ಲಿ, ರಾಜ್ಯ ಬರದಿಂದ ಬೇಯುತ್ತಿದ್ದಾಗ, ಸಾಲ ಮನ್ನಾ ಆಗುತ್ತದೆಂದು ರೈತರೇ ಬರ ಬರಲಿ ಎಂದು ಬಯಸುತ್ತಾರೆ ಎಂಬರ್ಥದಲ್ಲಿ ಸಚಿವರೊಬ್ಬರು ಮಾತನಾಡಿದರು. ಸಾಯಿನಾಥ್ ಯಾರ ಕಡೆಗೆ ಬೆರಳು ತೋರಿಸಿದ್ದರೋ ಅವರೇ ಆ ಬೆರಳನ್ನು ರೈತನ ಕಡೆಗೆ ತಿರುಗಿಸಿದರು. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ಆ ವರ್ಷ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 48 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಬೆಳೆ ಹಾನಿಯಾಗಿದೆ ಎಂದು ಸರಕಾರ ಲೆಕ್ಕ ಕೊಟ್ಟಿತು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ 18,171.44 ಕೋಟಿ ರೂ. ಕೇಳಿತು. ರಾಜ್ಯ ತಡವಾಗಿ ಅರ್ಜಿ ಹಾಕಿತೆಂದು ಕೇಂದ್ರದ ನಾಯಕರು ದೂರಿದರು. ಸೆಪ್ಟೆಂಬರ್‌ನಲ್ಲೇ ಮನವಿ ಕೊಟ್ಟಿದ್ದೆವು, ಅಕ್ಟೋಬರ್‌ನಲ್ಲಿ ಕೇಂದ್ರದ ತಂಡವೇ ಬಂದು ನೋಡಿ ಹೋಗಿದೆ ಎಂದು ರಾಜ್ಯ ಉತ್ತರಿಸಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಕದ ತಟ್ಟಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ರೂ. ಮಂಜೂರಾಯಿತು.

ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು ಎಂಬಲ್ಲಿಗೇ ಚರ್ಚೆ ಮುಗಿಯಿತು. ಮನವಿಯ ಒಳಗೇನಿತ್ತು ಎಂದು ನೋಡಿದವರು ಕಡಿಮೆ. ಬೆಳೆ ನಷ್ಟಕ್ಕೆ 4,663.12 ಕೋಟಿ, ಕುಡಿಯುವ ನೀರಿಗೆ 566.78 ಕೋಟಿ, ಜಾನುವಾರುಗಳಿಗೆ 363.68 ಕೋಟಿ ಕೇಳಲಾಗಿತ್ತು. ಉಳಿದ 12,577.86 ಕೋಟಿ, ಅಂದರೆ ಒಟ್ಟು ಮೊತ್ತದ ಮೂರನೇ ಎರಡು ಪಾಲಿಗೂ ಹೆಚ್ಚು, ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಕುಟುಂಬಗಳಿಗಾಗಿ ಇತ್ತು. ಇದು ಹೆಚ್ಚುವರಿ ಬೇಡಿಕೆಯಲ್ಲ, ನಿಯಮಾವಳಿಯಲ್ಲೇ ಇರುವ ಬಾಬ್ತು. ಮಂಜೂರಾದ ಹಣವಾದರೋ ಬೆಳೆ ನಷ್ಟಕ್ಕೆ ಕೇಳಿದ್ದ ಮೊತ್ತವನ್ನೂ ಮುಟ್ಟಲಿಲ್ಲ. ಹೀಗಿರುವಾಗ ಒಲೆ ಆರಿದ ಮನೆಗಳ ಪಾಲು ಎಲ್ಲಿ ಹೋಯಿತು?

ರಾಜ್ಯವೂ ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ. ತನ್ನ ಬೊಕ್ಕಸದಿಂದ ಮೊದಲ ಕಂತಾಗಿ ಅದು ರೈತರಿಗೆ ಕೊಟ್ಟದ್ದು ಗರಿಷ್ಠ 2,000 ರೂ. ಅದೂ ಪಹಣಿಯಲ್ಲಿ ಹೆಸರಿದ್ದು, ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡವರಿಗೆ. ಹೀಗೆ ನೇರವಾಗಿ ಖಾತೆಗೆ ಹಣ ಹಾಕುವುದರಿಂದ ಮಧ್ಯವರ್ತಿಯ ‘ಮೂರನೇ ಬೆಳೆ’ಗೆ ತಕ್ಕಮಟ್ಟಿಗೆ ಕಡಿವಾಣ ಬಿದ್ದಿದೆ, ನಿಜ. ಆದರೆ ಪಹಣಿಯಲ್ಲಿ ಹೆಸರಿಲ್ಲದೆ ಗೇಣಿಗೆ ಉಳುವವನ ಗತಿಯೇನು? ಹೊಲ ಒಣಗಿದ ದಿನವೇ ಕೂಲಿ ಕಳೆದುಕೊಂಡ ಮಹಿಳೆಯ ಗತಿಯೇನು? ಬೆಳೆ ಒಣಗಿದ್ದಕ್ಕೆ ಹೆಕ್ಟೇರಿನ ಲೆಕ್ಕವಿದೆ, ಹೊಟ್ಟೆ ಒಣಗಿದ್ದಕ್ಕೆ ಲೆಕ್ಕವಿಲ್ಲ.

ಸಾಯಿನಾಥ್‌ರ ಪುಸ್ತಕಕ್ಕೂ ಮಿತಿಗಳಿವೆ. ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಆದ್ದರಿಂದ ಪರಿಹಾರವನ್ನು ಕಾನೂನಿನ ಬಲದಿಂದ ಕೇಳುವ ದಾರಿ ಅದರಲ್ಲಿ ಕಾಣದಿರುವುದು ಸಹಜ. ಇನ್ನೊಂದು ತೊಡಕು ಶೀರ್ಷಿಕೆಯಲ್ಲೇ ಇದೆ. ಹೇಗಿದ್ದರೂ ಹಣ ಸೋರಿಹೋಗುತ್ತದೆ, ಮತ್ತೇಕೆ ಕೊಡಬೇಕು ಎಂದು ವಾದಿಸುವವರಿಗೂ ಅದು ಅಸ್ತ್ರವಾಗಬಲ್ಲದು. ಆದರೆ ಪರಿಹಾರ ಬೇಡ ಎಂದು ಸಾಯಿನಾಥ್ ಹೇಳಿಲ್ಲ. ತಲುಪಬೇಕಾದವರಿಗೆ ಅದು ತಲುಪುತ್ತಿಲ್ಲ, ಬಡತನದ ಬೇರನ್ನು ಅದು ಮುಟ್ಟುತ್ತಿಲ್ಲ ಎಂಬುದು ಅವರ ದೂರು. ಕೊಡ ಸೋರುತ್ತದೆಂದು ಬಾವಿಯನ್ನೇ ಮುಚ್ಚುವುದು ಬುದ್ಧಿವಂತಿಕೆಯಲ್ಲ.

ಅಷ್ಟಕ್ಕೂ ಈ ಹಣ ಯಾರದು? ತಾನು ಕೊಳ್ಳುವ ಸೋಪಿನಂಥ ಸರಕಿನ ಬೆಲೆಯೊಳಗೇ ಕೂಲಿಯವನೂ ತೆರಿಗೆ ಕಟ್ಟುತ್ತಾನೆ. ಅದು ದೆಹಲಿಯ ದಾನವೂ ಅಲ್ಲ, ಬೆಂಗಳೂರಿನ ಉಪಕಾರವೂ ಅಲ್ಲ. ಮುಂದಿನ ಬರಕ್ಕೆ ಇನ್ನೊಂದು ಮನವಿ ಸಿದ್ಧವಾಗುತ್ತದೆ. ಆಗ ಎಷ್ಟು ಕೋಟಿ ಎಂದು ಕೇಳುವುದರ ಜೊತೆಗೆ, ಯಾರ ಹೆಸರು ಅದರಲ್ಲಿಲ್ಲ ಎಂದೂ ನಾವು ಕೇಳಬೇಕಾಗಿದೆ. ಈ ಪುಸ್ತಕ ಕಲಿಸುವುದು ಆ ಪ್ರಶ್ನೆಯನ್ನೇ.