ಗಂಡುಮಗ ಇದ್ದ ಹಾಗೆ

"ನಮ್ಮ ಹುಡುಗಿ ಗಂಡುಮಗ ಇದ್ದ ಹಾಗೆ." ಕೋಲಾರದ ಕಡೆ ಮಗಳನ್ನು ಹೊಗಳುವಾಗ ಅಪ್ಪ ಅಮ್ಮ ಆಡುವ ಮಾತು ಇದು. ಬೆಳಗಿನ ಜಾವ ಟಿವಿಎಸ್‌ನಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಾಳೆ, ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ತೋಟಕ್ಕೆ ಹೋಗುತ್ತಾಳೆ, ನರಸಾಪುರದ ಫೋನ್ ಕಾರ್ಖಾನೆಯಲ್ಲಿ ದುಡಿದ ಸಂಬಳವನ್ನು ತಂದು ಮನೆಗೆ ಕೊಡುತ್ತಾಳೆ. ಹೀಗೆ ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳನ್ನು ಬೆಳೆಸಿದ್ದೇವೆ ಎನ್ನಲು ಅದೇ ಸಾಕ್ಷಿ ಎಂದರೆ ನಾನು ಒಪ್ಪಲಾರೆ. ಮಗನನ್ನು "ಹೆಣ್ಣುಮಗಳು ಇದ್ದ ಹಾಗೆ" ಎಂದು ಅಷ್ಟೇ ಹಿಗ್ಗಿನಿಂದ ಹೇಳಿದ ಒಬ್ಬ ತಂದೆಯನ್ನೂ ನಾನು ಮಾಲೂರಿನಲ್ಲಿ ಕಂಡಿಲ್ಲ, ಶ್ರೀನಿವಾಸಪುರದಲ್ಲೂ ಕಂಡಿಲ್ಲ. ತೀರಾ ಸಾಧು ಹುಡುಗನಿಗೆ ಹಾಗೆ ಅನ್ನುವುದುಂಟು, ಆದರೆ ಅದರಲ್ಲಿ ಹೆಮ್ಮೆಗಿಂತ ಮರುಕವೇ ಹೆಚ್ಚು. ಉಳಿದಂತೆ ಅದು ಬೈಗುಳ: ಹೆಣ್ಣಿಗ.

ನಾವು ಮಾಡಿರುವುದು ಅರ್ಧ ಕೆಲಸ. ಗಂಡಿನ ಕೆಲಸಗಳ ಬಾಗಿಲನ್ನು ಹುಡುಗಿಯರಿಗೆ ತೆರೆದೆವು. ಹೆಣ್ಣಿನ ಕೆಲಸ ಎಂದುಕೊಂಡಿದ್ದರ ಬಾಗಿಲಲ್ಲಿ ಹುಡುಗರನ್ನು ಹಾಗೇ ನಿಲ್ಲಿಸಿದೆವು. ಅದರಿಂದ ಹುಡುಗಿಯ ಹೊರೆ ಇಳಿಯಲಿಲ್ಲ, ಇನ್ನೊಂದು ಹೊರೆ ಏರಿತು. ಶಿಫ್ಟ್ ಮುಗಿಸಿ ಬಂದವಳೇ ಸಾರಿಗೆ ಒಗ್ಗರಣೆ ಹಾಕಬೇಕು, ತಮ್ಮನ ತಟ್ಟೆ ಎತ್ತಬೇಕು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ 6 ವರ್ಷ ತುಂಬಿದ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ದಿನದಲ್ಲಿ ಮನೆಗೆಲಸಕ್ಕೆ ಕೈಹಾಕಿದವರು ಹೆಣ್ಣುಮಕ್ಕಳಲ್ಲಿ ಶೇ 81.2, ಗಂಡಸರಲ್ಲಿ ಶೇ 26.1. ಹಾಗೆ ಕೈಹಾಕಿದ ಹೆಂಗಸರಿಗೆ ಅದಕ್ಕೆ ಹಿಡಿದದ್ದು 299 ನಿಮಿಷ, ಗಂಡಸರಿಗೆ 97. ಇಡೀ ದೇಶದ ಲೆಕ್ಕ ಅದು. ನಮ್ಮ ಬೀದಿಯಲ್ಲಿ ಎಣಿಸಿದರೂ ಬೇರೆ ಉತ್ತರ ಬರುತ್ತದೆಂದು ನನಗೆ ಅನ್ನಿಸುವುದಿಲ್ಲ.

ಆ ಹೊಗಳಿಕೆಯೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲವರೆಗೆ ಮಾತ್ರ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆದರೂ ಬೆಂಗಳೂರು ಹತ್ತಿರವಾಗಿ ಮಾಲೂರು, ನರಸಾಪುರದ ಜಮೀನಿಗೆ ಬೆಲೆ ಬಂದಂತೆಲ್ಲ, ಗಂಡುಮಗ ಇದ್ದ ಹಾಗೆ ಬೆಳೆದವಳನ್ನು ಕರೆಸಿ ಅರಿಸಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ದುಡಿಯುವಾಗ ಅವಳು ಗಂಡುಮಗ, ಪಾಲಿನ ಹೊತ್ತಿಗೆ ಹೆಣ್ಣುಮಗಳು.

ಅಡುಗೆ ಹೆಣ್ಣಿಗೆ ಹುಟ್ಟಿನಿಂದಲೇ ಬರುತ್ತದೆ ಎನ್ನುವವರು ಮುಳಬಾಗಿಲಿಗೆ ಹೋಗಿ ಕಾವಲಿಯ ಮುಂದೆ ನಿಂತವರು ಯಾರೆಂದು ನೋಡಲಿ. ಹೆಸರು ಪಡೆದ ಆ ದೋಸೆಯನ್ನು ಹೋಟೆಲುಗಳಲ್ಲಿ ಹುಯ್ಯುತ್ತ ಬಂದಿರುವವರು ಹೆಚ್ಚಾಗಿ ಗಂಡಸರು. ಮದುವೆಮನೆಯ ಕೊಪ್ಪರಿಗೆ ಇಳಿಸುವವರೂ ಗಂಡಸರೇ. ಕೂಲಿ ಇದ್ದಲ್ಲಿ ಒಲೆ ಗಂಡಿನದು, ಕೂಲಿ ಇಲ್ಲದಲ್ಲಿ ಹೆಣ್ಣಿನದು. ಇದು ಹುಟ್ಟುಗುಣ ಹೇಗಾದೀತು?

ಇನ್ನು ಕೆಲವರಿಗೆ ಭೇದವಿಲ್ಲದೆ ಬೆಳೆಸುವ ಮಾತೇ ಪರದೇಶದ ಗೀಳು. ಸ್ಟಾಕ್‌ಹೋಮ್‌ನಲ್ಲಿ 2010ರಲ್ಲಿ ಶುರುವಾದ ಎಗಾಲಿಯ ಎಂಬ ಶಿಶುಶಾಲೆ ಮಕ್ಕಳನ್ನು ಹುಡುಗ ಹುಡುಗಿ ಎಂದು ಬೇರ್ಪಡಿಸಿ ಕರೆಯದೆ ಲೋಕದ ಕಣ್ಣಿಗೆ ಬಿತ್ತು. ಅವನು, ಅವಳು ಎರಡೂ ಅಲ್ಲದ 'ಹೆನ್' ಎಂಬ ಪದವನ್ನು ಸ್ವೀಡಿಷ್ ಅಕಾಡೆಮಿಯ ನಿಘಂಟು 2015ರಲ್ಲಿ ಸೇರಿಸಿಕೊಂಡಿತು. ನಮ್ಮ ಅಜ್ಜಿಯರಿಗೆ ಹೊಸ ಪದ ಬೇಕಿರಲಿಲ್ಲ. ಮಗು ಅತ್ತಿತು, ಮಗು ಮಲಗಿತು, ಕೂಸು ನಕ್ಕಿತು. ಕನ್ನಡದಲ್ಲಿ ಮಗು ಹುಟ್ಟುವುದೇ ನಪುಂಸಕ ಲಿಂಗದಲ್ಲಿ. ಅದರ ಕೈಗೆ ಪೊರಕೆಯನ್ನೋ ಬ್ಯಾಟನ್ನೋ ಕೊಟ್ಟು ಅವಳು, ಅವನು ಮಾಡುವವರು ನಾವು.

ನನಗೆ ಸ್ವೀಡನ್‌ಗಿಂತ ಹತ್ತಿರದ ಪಾಠಶಾಲೆ ನಮ್ಮ ಹುಳದ ಮನೆ. ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದ ಹುಡುಗನನ್ನು ಗಮನಿಸಿ ನೋಡಿ. ಕೈಕಾಲು ತೊಳೆಯದೆ ಅವನು ಒಳಗೆ ಕಾಲಿಡುವುದಿಲ್ಲ. ಒದ್ದೆ ಸೊಪ್ಪು ಹಾಕಬಾರದೆಂದು ಅವನಿಗೆ ಗೊತ್ತು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದಾಗ, ಅಲುಗಿಸುವುದಿಲ್ಲ, ಸುಣ್ಣದ ಪುಡಿ ಉದುರಿಸಿ ಎದ್ದೇಳುವವರೆಗೆ ಕಾಯುತ್ತಾನೆ. ತಟ್ಟೆಯಲ್ಲಿ ಒಂದಕ್ಕೆ ಹಾಲುತೊಂಡೆ ರೋಗ ಬಂದರೂ ಅವನ ಕಣ್ಣಿಗೆ ಬೀಳುತ್ತದೆ. ನಾಲ್ಕನೇ ಜ್ವರ ಎದ್ದಮೇಲಿನ ವಾರದಲ್ಲಿ ಹುಳದ ಹಸಿವಿಗೆ ಮಿತಿಯಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲು ಮುಗಿಯುವುದು ಆಗಲೇ. ಅಪರಾತ್ರಿ ಎದ್ದು ಸೊಪ್ಪು ಹಾಕುತ್ತಾನೆ, ಮಳೆಗಾಲದ ಚಳಿಗೆ ಮನೆ ಬೆಚ್ಚಗಿಡುತ್ತಾನೆ. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಾಗ ಅವನ ಬೆರಳುಗಳಿಗೆ ಇರುವ ನಯವನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಆ ದಿನ ಅಪ್ಪ, ಅಮ್ಮ, ಅಣ್ಣ, ತಂಗಿ ಎಲ್ಲರ ಕೈಗೂ ಒಂದೇ ಕೆಲಸ.

ಕೂಸನ್ನು ನೋಡಿಕೊಳ್ಳಲು ಬೇಕಾದದ್ದು ಇದಲ್ಲದೆ ಇನ್ನೇನು? ಹಸಿವು ತಿಳಿಯುವುದು, ನಿದ್ದೆಗೆಡುವುದು, ಶುಚಿ, ತಾಳ್ಮೆ, ಮೆತ್ತಗಿನ ಕೈ. ಇಷ್ಟೆಲ್ಲ ಕಲಿತವನು ತಂಗಿಯ ಮಗು ಅತ್ತರೆ ಅಮ್ಮನನ್ನು ಕೂಗುತ್ತಾನೆ. ಅವನಿಗೆ ಬರುವುದಿಲ್ಲವೆಂದಲ್ಲ. ಗೂಡಿಗೆ ಮಾರುಕಟ್ಟೆಯಲ್ಲಿ ಹರಾಜುಂಟು, ಹಾಗಾಗಿ ಹುಳದ ಆರೈಕೆ ಕಸುಬು. ಕೂಸಿನ ಆರೈಕೆ ಮಾತ್ರ ಹೆಂಗಸರ ಪಾಡು. ಈ ಗೆರೆ ಎಳೆದವರು ದೊಡ್ಡವರು.

ಇಲ್ಲಿ ಕರಗದ ಮಾತೂ ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು ಎಲ್ಲೆಡೆ ದ್ರೌಪದಿಯ ಕರಗ ಹೊರುವವನು ಗಂಡಸು, ಉಡುವುದು ಸೀರೆ, ತೊಡುವುದು ಬಳೆ, ಮೈತುಂಬ ಮಲ್ಲಿಗೆ. ಗಂಡು ಹೆಣ್ಣಿನ ಗೆರೆಯನ್ನು ನಮ್ಮ ಸಂಪ್ರದಾಯ ಎಂದೋ ದಾಟಿದೆ ಎನ್ನಲು ಇದನ್ನೇ ತೋರಿಸುವವರಿದ್ದಾರೆ. ಆ ರಾತ್ರಿಯ ಭಕ್ತಿಗೆ ನಾನೂ ಕೈಮುಗಿದವನು. ಆದರೆ ಬೆಂಗಳೂರು ಕರಗದಲ್ಲಿ ಹೊರುವವನ ಹೆಂಡತಿ ತನ್ನ ತಾಳಿ, ಬಳೆಗಳನ್ನು ಅವನಿಗೆ ಕೊಟ್ಟು ಕರಗ ಮುಗಿಯುವವರೆಗೆ ಅವನ ಕಣ್ಣಿಗೆ ಬೀಳದೆ ಮರೆಯಲ್ಲಿರುತ್ತಾಳೆ. ದೇವತೆಯಾಗಿ ಹೆಣ್ಣಾಗುವುದಕ್ಕೆ ಊರೇ ಹೂವೆರಚುತ್ತದೆ. ಮಾರನೆಯ ದಿನ ಅದೇ ಬೀದಿಯಲ್ಲಿ ಗಂಡಸೊಬ್ಬ ಮನೆ ಮುಂದೆ ಸಾರಿಸಿ ರಂಗೋಲಿ ಇಟ್ಟರೆ ನಗುತ್ತದೆ. ಒಂದು ರಾತ್ರಿಯ ಪೂಜೆಯನ್ನು ವರ್ಷವಿಡೀ ನಡೆಯುವ ಬಾಳಿಗೆ ಸಾಕ್ಷಿ ಮಾಡಬಾರದು.

ತಾಯಂದಿರ ಹೆದರಿಕೆ ನನಗೆ ಅರ್ಥವಾಗುತ್ತದೆ. ಮಗ ಮುಸುರೆ ತಿಕ್ಕಿದರೆ ಹೆಣ್ಣಿಗನಾಗುತ್ತಾನೆ, ನಾಳೆ ಹೆಣ್ಣು ಕೊಡುವವರು ಏನೆಂದಾರು ಎನ್ನುತ್ತಾರೆ. ಪಾತ್ರೆ ತಿಕ್ಕಿದ್ದರಿಂದ ಯಾರ ಸ್ವಭಾವವೂ ಬದಲಾಗುವುದಿಲ್ಲ. ಹುಟ್ಟಿನಿಂದಲೇ ಬೇರೆ ಸ್ವಭಾವದ ಮಗುವಿದ್ದರೆ ಅದಕ್ಕೆ ಬೇಕಾದದ್ದೂ ಪ್ರೀತಿಯೇ, ಆ ಬೈಗುಳವಲ್ಲ. ಹೆಣ್ಣು ಕೊಡುವವರ ವಿಷಯಕ್ಕೆ ಬಂದರೆ, ದುಡಿಯುವ ಹುಡುಗಿಯರು ಈಗ ವರನ ಜಮೀನು, ನೌಕರಿಯ ಜೊತೆಗೆ ಬೇರೆ ಪ್ರಶ್ನೆಗಳನ್ನೂ ಕೇಳತೊಡಗಿದ್ದಾರೆ.

ಮುಳಬಾಗಿಲು ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರತ್ತೆಗೆ ಮೂವರೂ ಗಂಡುಮಕ್ಕಳು. ಅತ್ತೆ ಸೊಂಟ ಮುರಿದುಕೊಂಡು ಮಲಗಿದ ವರ್ಷ ನಡುವಿನವನು ಒಲೆ ಹಿಡಿದ. ಎಸರು ಕುದಿಸಿ, ಹಿಟ್ಟು ಹಾಕಿ, ಕವೆಗೋಲಿನಲ್ಲಿ ಪಾತ್ರೆ ಒತ್ತಿಹಿಡಿದು ತೋಳು ಬಿಗಿಯುವಂತೆ ತಿರುವುತ್ತಿದ್ದ. ಇಷ್ಟು ತೋಳಬಲ ಬೇಡುವ ಕೆಲಸವನ್ನು ಹೆಂಗಸರ ಪಾಲಿಗೆ ಬಿಟ್ಟದ್ದು ಹೇಗೆಂದು ನನಗೆ ಆಗಲೇ ಆಶ್ಚರ್ಯವಾಗಿತ್ತು. ನೋಡಲು ಬಂದವರೆಲ್ಲ ಬಾಗಿಲಲ್ಲೇ ನಿಂತು, "ಪಾಪ, ಮನೆಗೆ ಹೆಣ್ಣು ದಿಕ್ಕಿಲ್ಲ" ಎಂದು ಮರುಗಿ ಹೋಗುತ್ತಿದ್ದರು. ಅವನು ಕಟ್ಟಿದ ಮುದ್ದೆಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ.