ಕದ್ದ ಸೂತ್ರ, ಕದಿಯಲಾಗದ ವಿಜ್ಞಾನ

ಕೆದರಿದ ಕೂದಲು, ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ, ಮೇಜಿನ ಮೇಲೆ ಕುದಿಯುವ ಗಾಜಿನ ಪಾತ್ರೆಗಳು, ಕಿಟಕಿಯಾಚೆ ಒಬ್ಬ ಗೂಢಚಾರ. ಈ ದೃಶ್ಯವನ್ನು ನೀವು ಯಾವುದಾದರೊಂದು ಚಲನಚಿತ್ರದಲ್ಲಿ ನೋಡಿಯೇ ಇರುತ್ತೀರಿ. ವಿಜ್ಞಾನಿ ಮರೆಗುಳಿ. ಅವನ ಸೂತ್ರವೆಲ್ಲ ಒಂದು ಹಾಳೆಯಲ್ಲಿದೆ. ಆ ಹಾಳೆ ಶತ್ರುವಿನ ಕೈ ಸೇರಿದರೆ ದೇಶ ಮುಳುಗಿತು! ನಗಲು ಇದು ಚೆನ್ನಾಗಿದೆ. ಆದರೆ ಇದರಲ್ಲಿ ವಿಜ್ಞಾನ ಎಷ್ಟಿದೆ ಎಂದು ನಾವು ಕೇಳುವುದಿಲ್ಲ. ಹಾಗೆ ಕೇಳದೆ ಹೋದುದರಿಂದ ಆದ ಅನ್ಯಾಯವೂ ಉಂಟು.

ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಬ್ರಿಟನ್ನಿನಲ್ಲಿ ಆಂಥನಿ ಆಸ್ಕ್ವಿತ್ ನಿರ್ದೇಶಿಸಿದ 'ಕಾಟೇಜ್ ಟು ಲೆಟ್' ಈ ಬಗೆಯ ಚಿತ್ರಗಳಿಗೆ ಒಳ್ಳೆಯ ಮಾದರಿ. ಬ್ಯಾರಿಂಗ್ಟನ್ ಎಂಬ ವಿಚಿತ್ರ ಸ್ವಭಾವದ ಸಂಶೋಧಕ ಸ್ಕಾಟ್ಲೆಂಡಿನ ತನ್ನ ಮನೆಯಲ್ಲೇ ಬಾಂಬರ್ ವಿಮಾನಗಳಿಗೆ ಗುರಿಸಾಧನ ರೂಪಿಸುತ್ತಿದ್ದಾನೆ. ಅವನ ಸುತ್ತ ಇರುವವರಲ್ಲಿ ಸ್ನೇಹಿತ ಯಾರು, ಬೇಹುಗಾರ ಯಾರು ತಿಳಿಯದು. ಲಂಡನ್ನಿನಿಂದ ಅಲ್ಲಿಗೆ ಕಳುಹಿಸಲಾದ, ಷರ್ಲಾಕ್ ಹೋಮ್ಸ್‌ನ ಭಕ್ತನಾದ ಒಬ್ಬ ಹುಡುಗನೂ ಇದ್ದಾನೆ. ಬಾಂಬ್ ದಾಳಿಯಿಂದ ತತ್ತರಿಸಿದ್ದ ಜನರಿಗೆ ಬೇಹುಗಾರನನ್ನು ಕಂಡು ನಗುವ ಅವಕಾಶ ಸಣ್ಣ ಉಪಕಾರವಲ್ಲ. ಹಾಸ್ಯ ಈಗಲೂ ಹಳಸಿಲ್ಲ. ಆದರೆ ಇಡೀ ಸಾಧನದ ಭವಿಷ್ಯ ಒಬ್ಬನ ತಲೆಯ ಮೇಲೆ ನಿಂತಿದೆ. ಅವನನ್ನು ಹೊತ್ತೊಯ್ದರೆ ಕಥೆ ಮುಗಿಯಿತು. ಚಿತ್ರ ಸೋಲುವುದು ಇಲ್ಲಿ.

ನಮ್ಮ 'ಜೇಡರ ಬಲೆ' ತೆರೆಗೆ ಬಂದದ್ದು 1968ರಲ್ಲಿ, ಪಾಕಿಸ್ತಾನದೊಡನೆ ಯುದ್ಧ ನಡೆದ ಮೂರು ವರ್ಷಗಳ ನಂತರ. ದೊರೈ-ಭಗವಾನ್ ನಿರ್ದೇಶನ, ಸಿಐಡಿ 999 ಆಗಿ ರಾಜಕುಮಾರ್, ಜೊತೆಗೆ ನರಸಿಂಹರಾಜು ಅವರ ಹಾಸ್ಯ. ನಾನು ಇದನ್ನು ಬಾಲ್ಯದಲ್ಲಿ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕುಳಿತು ನೋಡಿ ಮೆಚ್ಚಿದ್ದೇನೆ. ಇಲ್ಲಿ ಎಲ್ಲರೂ ಬೆನ್ನಟ್ಟುವುದು ಯಾವುದೇ ಲೋಹವನ್ನು ಚಿನ್ನವಾಗಿಸುವ ರಾಸಾಯನಿಕ ಸೂತ್ರವನ್ನು. ಆದರೆ ರಾಸಾಯನಿಕ ಕ್ರಿಯೆ ಮುಟ್ಟುವುದು ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳನ್ನು ಮಾತ್ರ. ಚಿನ್ನ ಚಿನ್ನವಾಗಿರುವುದು ಪರಮಾಣು ಬೀಜದಲ್ಲಿರುವ 79 ಪ್ರೋಟಾನುಗಳಿಂದ. 1941ರಲ್ಲೇ ಅಮೆರಿಕದ ವಿಜ್ಞಾನಿಗಳು ಪಾದರಸದ ಮೇಲೆ ವೇಗದ ನ್ಯೂಟ್ರಾನುಗಳನ್ನು ಹಾಯಿಸಿ ಚಿನ್ನ ಪಡೆದಿದ್ದರು. ಅದು ವಿಕಿರಣಶೀಲ, ಕೆಲವು ದಿನಗಳಲ್ಲಿ ಕ್ಷಯಿಸುವಂಥದು. ಸೂತ್ರ ಇದ್ದಿದ್ದರೂ ಖಳನಾಯಕನಿಗೆ ಲಾಭವಿರಲಿಲ್ಲ.

ಹಾಳೆಯ ನಂತರ ಏನು?

ನಾನು ಪಾಠ ಹೇಳುವ ಕಾಲೇಜು ಪೀಣ್ಯಕ್ಕೆ ಸಮೀಪ. ಒಮ್ಮೆ ತರಗತಿಯಲ್ಲಿ ಈ ಚಿತ್ರಗಳ ಮಾತು ಬಂದಾಗ, "ಹಾಳೆ ಕದ್ದಾಯಿತು. ಮುಂದೇನು?" ಎಂದು ಕೇಳಿದೆ. ಲೇತ್ ಕೆಲಸಗಾರರೊಬ್ಬರ ಮಗಳು ಎದ್ದು, "ಸರ್, ಡ್ರಾಯಿಂಗ್ ಕೈಯಲ್ಲಿದ್ರೂ ಹೊಸ ಪಾರ್ಟಿನ ಮೊದಲ ನಾಲ್ಕಾರು ಪೀಸು ರಿಜೆಕ್ಟ್ ಆಗುತ್ತೆ ಅಂತಾರೆ ನಮ್ಮಪ್ಪ" ಎಂದಳು. ಯಾವ ಚಿತ್ರಕಥೆಗಾರನಿಗೂ ಹೊಳೆಯದ ಮಾತು! ಅದು ಬಂದದ್ದೂ ತಕ್ಕ ಜಾಗದಿಂದಲೇ. ಯು. ಆರ್. ರಾವ್ ಅವರ ತಂಡ 360 ಕಿಲೋಗ್ರಾಂ ತೂಕದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು.

ಆಕೆಯ ಮಾತಿಗೆ ಯುದ್ಧಕಾಲದ ಸಾಕ್ಷ್ಯವೂ ಇದೆ. 1940ರಲ್ಲಿ ಟಿಜಾರ್ಡ್ ನಿಯೋಗವು ಬ್ರಿಟನ್ನಿನ ದೊಡ್ಡ ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಅಮೆರಿಕಕ್ಕೆ ಒಯ್ದಿತು. ಅದು ಸುಮಾರು 10 ಸೆಂಟಿಮೀಟರ್ ತರಂಗಾಂತರದ ಪ್ರಬಲ ಅಲೆಗಳನ್ನು ಹೊಮ್ಮಿಸುವ ಮ್ಯಾಗ್ನೆಟ್ರಾನ್. ವಿಮಾನದೊಳಗೆ ಹಿಡಿಸುವ ಪ್ರಬಲ ಸೆಂಟಿಮೀಟರ್ ಅಲೆಯ ರೇಡಾರ್ ಸಾಧ್ಯವಾದದ್ದು ಅದರಿಂದ. ಬೆಲ್ ಪ್ರಯೋಗಾಲಯದವರು ಅದನ್ನು ಎಕ್ಸ್-ಕಿರಣದಿಂದ ಪರೀಕ್ಷಿಸಿದಾಗ ಒಳಗೆ 8 ಕುಹರಗಳು ಕಂಡವು. ಜೊತೆಗೆ ಬಂದ ನಕ್ಷೆಯಲ್ಲಿದ್ದುದು 6! ಬ್ರಿಟನ್ನನ್ನೇ ವಿಚಾರಿಸಬೇಕಾಯಿತು. ಹಾಳೆಯನ್ನಷ್ಟೇ ಕದ್ದ ಬೇಹುಗಾರನಿಗೆ ಆ ಅನುಕೂಲ ಎಲ್ಲಿಯದು?

ಹಾಗಾದರೆ ಗೂಢಚರ್ಯೆ ಬರೀ ಕಟ್ಟುಕಥೆಯೇ? ಅಲ್ಲ. ಭೌತವಿಜ್ಞಾನಿ ಕ್ಲೌಸ್ ಫುಕ್ಸ್ ಪರಮಾಣು ಬಾಂಬಿನ ವಿವರಗಳನ್ನು ಸೋವಿಯತ್ ಒಕ್ಕೂಟಕ್ಕೆ ಕೊಟ್ಟದ್ದು ನಿಜ. ಅದರಿಂದ ಅವರಿಗೆ ಸಮಯ ಉಳಿಯಿತು ಎಂಬುದೂ ನಿಜ. ಆದರೆ ಆತ ಮರೆಗುಳಿಯಲ್ಲ, ಮಿತಭಾಷಿಯಾದ ಶಿಸ್ತಿನ ಮನುಷ್ಯ. ವಿವರಗಳು 1945ರಲ್ಲೇ ತಲುಪಿದ್ದರೂ ಸೋವಿಯತ್ ಬಾಂಬು ಸಿಡಿದದ್ದು 1949ರ ಆಗಸ್ಟಿನಲ್ಲಿ. ಪ್ಲುಟೋನಿಯಂ ತಯಾರಿಸುವ ರಿಯಾಕ್ಟರನ್ನು ಜೇಬಿನಲ್ಲಿಟ್ಟು ತರಲಾಗದು.

ನಗು ನಿಂತ ಕಡೆ

1994ರ ಕೊನೆಯಲ್ಲಿ ಇದೇ ಚಿತ್ರಕಥೆ ನಮ್ಮ ದೇಶದಲ್ಲಿ ಸುದ್ದಿಯಾಗಿ ಬಂತು. ಇಸ್ರೋ ವಿಜ್ಞಾನಿಗಳು ಕ್ರಯೋಜೆನಿಕ್ ಎಂಜಿನ್ ಮುಂತಾದವುಗಳ ರಹಸ್ಯ ಕಾಗದಗಳನ್ನು ಮಾರಿದರೆಂದು ಕೇರಳ ಪೊಲೀಸರು ಆರೋಪಿಸಿದರು. ನಂಬಿ ನಾರಾಯಣನ್ 50 ದಿನ ಸೆರೆಯಲ್ಲಿದ್ದರು. ಆಗ ನಾನು ಸಂಶೋಧನಾ ವಿದ್ಯಾರ್ಥಿ. ದ್ರವ ಹೈಡ್ರೋಜನ್ ಇರಬೇಕಾದದ್ದು −253 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ನನಗೆ ಗೊತ್ತಿತ್ತು. ಆ ಶೈತ್ಯದಲ್ಲಿ ಕೆಲಸ ಮಾಡುವ ಎಂಜಿನ್ ಕಾಗದದಿಂದ ಹುಟ್ಟುವುದಿಲ್ಲ, ನಮ್ಮಲ್ಲೇ ಅದಿನ್ನೂ ತಯಾರಾಗಿಲ್ಲ ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹಾಸ್ಟೆಲಿನಲ್ಲಿ ಪತ್ರಿಕೆ ಹಂಚಿಕೊಂಡು ಓದಿದ ನಾವು ಎಲ್ಲವನ್ನೂ ನಂಬಿದೆವು. ಈ ಕಥೆ ನಮಗೆ ಮೊದಲೇ ಪರಿಚಿತವಾಗಿತ್ತಲ್ಲ!

1996ರಲ್ಲಿ ಸಿಬಿಐ ಆರೋಪಕ್ಕೆ ಆಧಾರವಿಲ್ಲವೆಂದಿತು. ರಷ್ಯದ ಸಿದ್ಧ ಎಂಜಿನ್‌ಗಳೇ ಕೈಗೆ ಬಂದ ಮೇಲೂ ನಮ್ಮದೇ ಕ್ರಯೋಜೆನಿಕ್ ಹಂತ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆರೋಪಿಗಳಲ್ಲೊಬ್ಬರಾಗಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆದ್ದರಿಂದ ಇಂಥ ಚಿತ್ರಗಳನ್ನು ನೋಡಿ, ಮನಸಾರೆ ನಗಿ. ಶಿಕ್ಷಕರಾಗಿದ್ದರೆ ತರಗತಿಯಲ್ಲೂ ತೋರಿಸಿ. ಆದರೆ ಹಾಳೆ ಕಳುವಾಗುವ ದೃಶ್ಯದಲ್ಲಿ ಚಿತ್ರವನ್ನು ಒಂದು ನಿಮಿಷ ನಿಲ್ಲಿಸಿ, "ಮುಂದೇನು?" ಎಂದು ಮಕ್ಕಳನ್ನು ಕೇಳಿ. 1994ರಲ್ಲಿ ನಾನು ಕೇಳಿಕೊಳ್ಳದ ಪ್ರಶ್ನೆ ಅದು.