ಕುಲ ಶೇಕರ್ ತಂಡದ 'ಕೆ': ಭಜನೆಗೆ ಸಿಕ್ಕ ಗಿಟಾರು

1996ರ ನವೆಂಬರಿನಲ್ಲಿ ಬ್ರಿಟನ್ನಿನ ಪಾಪ್ ಪಟ್ಟಿಯ ಏಳನೇ ಸ್ಥಾನಕ್ಕೆ ಒಂದು ಭಜನೆ ಬಂದು ಕೂತಿತು. ಇಂಗ್ಲಿಷಿನ ಒಂದು ಪದವೂ ಇಲ್ಲ, ಪೂರ್ತಿ ಸಂಸ್ಕೃತ. ಹಾಡಿದವರು ಯಾವುದೋ ಭಕ್ತಮಂಡಳಿಯವರಲ್ಲ, ಕುಲ ಶೇಕರ್ ಎಂಬ ರಾಕ್ ತಂಡದ ನಾಲ್ವರು ಇಂಗ್ಲಿಷ್ ಹುಡುಗರು. 'ಗೋವಿಂದ' ಎಂಬ ಆ ಹಾಡು, ಎರಡು ತಿಂಗಳ ಹಿಂದೆ ಬಿಡುಗಡೆಯಾಗಿ ಪಟ್ಟಿಯ ತುದಿಗೇರಿದ್ದ ಅವರ ಚೊಚ್ಚಲ ಆಲ್ಬಂ 'ಕೆ'ಯಲ್ಲಿತ್ತು. ಆಲ್ಬಮ್ಮಿನ ಮೇಲೆ ಅಲ್ಲಿನ ವಿಮರ್ಶಕರ ದೂರು ಎರಡು: ಸಂಗೀತ ಅರವತ್ತರ ದಶಕದ ನಕಲು, ಉಳಿದದ್ದು ಭಾರತದಿಂದ ತಂದ ಎರವಲು. ಎರಡೂ ಸುಳ್ಳಲ್ಲ. ಆದರೆ ತಂದ ಸರಕನ್ನು ಎಲ್ಲಿ ದುಡಿಸಿಕೊಂಡಿದ್ದಾರೆ, ಎಲ್ಲಿ ಬರೀ ಷೋಕಿಗೆ ಜೋಡಿಸಿಟ್ಟಿದ್ದಾರೆ ಎಂಬುದಕ್ಕೆ ಹಾಡಿನಿಂದ ಹಾಡಿಗೆ ಉತ್ತರ ಬೇರೆ. ಆ ತೂಕ ಮಾಡುವ ತಾಳ್ಮೆ ಆಗ ಹೆಚ್ಚು ಜನಕ್ಕೆ ಇರಲಿಲ್ಲ.

ತಾಳ್ಮೆ ಕೆಡಿಸುವ ಕಾರಣಗಳನ್ನು ತಂಡವೇ ಧಾರಾಳವಾಗಿ ಒದಗಿಸಿತ್ತು ಅನ್ನಿ. ಗಾಯಕ ಕ್ರಿಸ್ಪಿಯನ್ ಮಿಲ್ಸ್ ನಟಿ ಹೇಲಿ ಮಿಲ್ಸ್‌ಳ ಮಗ, ನಟ ಸರ್ ಜಾನ್ ಮಿಲ್ಸ್‌ನ ಮೊಮ್ಮಗ. ಉಳ್ಳವರ ಮನೆಯ ಹುಡುಗ ಭಾರತ ಸುತ್ತಿ ಬಂದು ಕೃಷ್ಣಭಕ್ತನಾದ ಕಥೆ ಲಂಡನ್ನಿನ ಸಂಗೀತ ಪತ್ರಿಕೆಗಳಿಗೆ ತಮಾಷೆಯ ವಸ್ತುವಾಯಿತು. 'ದ ಕೇಯ್ಸ್' ಎಂದಿದ್ದ ತಂಡದ ಹೆಸರನ್ನು 'ಮುಕುಂದಮಾಲೆ' ಬರೆದ ಚೇರ ನಾಡಿನ ರಾಜನೂ ಭಕ್ತನೂ ಆದ ಕುಲಶೇಖರ ಆಳ್ವಾರರ ನೆನಪಿನಲ್ಲಿ ಕುಲ ಶೇಕರ್ ಎಂದು ಬದಲಿಸಿಕೊಂಡರು. ಆಲ್ಬಮ್ಮಿನ ಹೊದಿಕೆಯಲ್ಲಿ ಕೃಷ್ಣನಿದ್ದಾನೆ. ಅವನ ಜೊತೆಗೆ ಕೆನಡಿ, ಕಾರ್ಲ್ ಮಾರ್ಕ್ಸ್, ಕಿಪ್ಲಿಂಗ್, ಕಿಂಗ್ ಕಾಂಗ್ ಎಲ್ಲರೂ ಇದ್ದಾರೆ. ಹೆಸರಿನಲ್ಲಿ 'ಕೆ' ಅಕ್ಷರ ಇದ್ದರೆ ಸಾಕು, ಪಂಕ್ತಿಯಲ್ಲಿ ಜಾಗ. ಬರೆದವನು 'ವಾಚ್‌ಮೆನ್' ಕಾಮಿಕ್ಸ್‌ನ ಚಿತ್ರಗಾರ ಡೇವ್ ಗಿಬನ್ಸ್. ಚಿತ್ರ ಮಜವಾಗಿದೆ, ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' ಹೊದಿಕೆಗೆ ನೇರ ನಮಸ್ಕಾರವೂ ಹೌದು. ಆದರೆ ಭಕ್ತಿ ಎಲ್ಲಿ ಮುಗಿಯಿತು, ಚೇಷ್ಟೆ ಎಲ್ಲಿ ಶುರುವಾಯಿತು ಎಂದು ತಿಳಿಯದ ಗೊಂದಲವನ್ನೂ ಅದು ಮೊದಲ ನೋಟದಲ್ಲೇ ಹೇಳಿಬಿಡುತ್ತದೆ.

ಧ್ವನಿಯಲ್ಲಿ ಆ ಗೊಂದಲ ಇಲ್ಲದಿರುವುದಕ್ಕೆ ಬಹುಪಾಲು ಕಾರಣ ನಿರ್ಮಾಪಕ ಜಾನ್ ಲೆಕಿ. 1970ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ರೆಕಾರ್ಡ್ ಆಗುವಾಗ ಅಬೀ ರೋಡ್ ಸ್ಟುಡಿಯೋದಲ್ಲಿ ಟೇಪು ನೋಡಿಕೊಳ್ಳುತ್ತಿದ್ದ ಹುಡುಗ ಈತ. 1985ರಲ್ಲಿ ಎಕ್ಸ್‌ಟಿಸಿ ತಂಡದವರು ವೇಷ ಮರೆಸಿಕೊಂಡು ಅರವತ್ತರ ದಶಕದ ಸೈಕೆಡೆಲಿಕ್ ರಾಕನ್ನು ಅಣಕಿಸಿ ಒಂದು ರೆಕಾರ್ಡು ಮಾಡಿದಾಗ ಅದರ ನಿರ್ಮಾಪಕನೂ ಇವನೇ. ಅಸಲನ್ನು ಹತ್ತಿರದಿಂದ ಕಂಡವನು, ಅಣಕವನ್ನೂ ಮಾಡಿಸಿದವನು. ಹಾಗಾಗಿ ಹಳೆಯ ವಾದ್ಯಗಳನ್ನು ಧೂಳು ಹಿಡಿದ ಪ್ರದರ್ಶನದ ವಸ್ತುಗಳಂತೆ ಅವನು ಇಡಲಿಲ್ಲ. ಜೇ ಡಾರ್ಲಿಂಗ್ಟನ್ನನ ಹ್ಯಾಮಂಡ್ ಆರ್ಗನ್ ದಪ್ಪಗೆ ಎದುರಿಗೇ ನಿಲ್ಲುತ್ತದೆ. ಅಲೊಂಜಾ ಬೆವನ್ ಬೇಸ್ ಗಿಟಾರನ್ನೂ ಪೌಲ್ ವಿಂಟರ್‌ಹಾರ್ಟ್ ಡ್ರಮ್ಮನ್ನೂ ನುಡಿಸುವ ರೀತಿಯಲ್ಲಿ ತೊಂಬತ್ತರ ದಶಕದ ಕುಣಿತದ ಬಿಗಿ ಇದೆ. 'ಹೇ ಡ್ಯೂಡ್' ಕೇಳಿ: ಹೆಸರು ಬೀಟಲ್ಸ್‌ನ ಮೇಲಿನ ಕುಚೋದ್ಯ, ವಾ-ವಾ ಪೆಡಲ್ ಒತ್ತಿದ ಗಿಟಾರು ಜಿಮಿ ಹೆಂಡ್ರಿಕ್ಸ್‌ನದು, ಆದರೆ ಕಾಲು ಕುಣಿಯುವುದು 1996ರ ಲಯಕ್ಕೆ.

ಇನ್ನು 'ಗೋವಿಂದ'. ಇದೇ ಹೆಸರಿನ ಇನ್ನೊಂದು ಹಾಡನ್ನು 1970ರಲ್ಲಿ ಹ್ಯಾರಿಸನ್ ಲಂಡನ್ನಿನ ರಾಧಾಕೃಷ್ಣ ಮಂದಿರದ ಭಕ್ತರಿಂದ ಹಾಡಿಸಿದ್ದ. ಅದು ಬ್ರಹ್ಮಸಂಹಿತೆಯ ಶ್ಲೋಕ. ಇಸ್ಕಾನ್ ಮಂದಿರಗಳಲ್ಲಿ ಇಂದಿಗೂ ಬೆಳಗಿನ ದರ್ಶನದ ಹೊತ್ತಿಗೆ ಅದನ್ನೇ ಹಾಕುತ್ತಾರೆ. ಅಲ್ಲಿ ಭಕ್ತರ ಹಾಡಿಕೆ ಹಾಗೆಯೇ ಉಳಿದು, ಪಿಟೀಲುಗಳ ಮೇಳ ಸುತ್ತ ಹಂದರ ಹಾಕುತ್ತದೆ. ಕುಲ ಶೇಕರ್ ಮಾಡಿದ್ದು ಇದರ ತಿರುವುಮುರುವು. ತಂಬೂರಿಯ ಶ್ರುತಿ ಎದ್ದು, ಹೆಣ್ಣುದನಿಯೊಂದು ಅದರ ಮೇಲೆ ತೇಲಿ, ಆಮೇಲೆ ಡ್ರಮ್ಮೂ ಗಿಟಾರೂ ಒಟ್ಟಿಗೆ ಬಿದ್ದಾಗ ಗಿಟಾರಿನ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಪುಟ್ಟ ಸ್ವರಗುಚ್ಛ, ಶ್ರುತಿಯನ್ನು ಬಿಟ್ಟು ಆಚೆ ಹೋಗುವುದಿಲ್ಲ. ರಾಕ್ ಗಿಟಾರಿಗೆ ಸಾಧಾರಣವಾಗಿ ಊರೂರು ಸುತ್ತುವ ಚಟ. ಇಲ್ಲಿ ಒಂದೇ ಕಂಬವನ್ನು ಸುತ್ತುತ್ತದೆ. ಮಾತಿನಲ್ಲಿಯೂ ಹೊಸದೇನೂ ಬರುವುದಿಲ್ಲ, ಬರೀ ನಾಮಾವಳಿ. ಭಜನೆಯ ಮನೆಯಲ್ಲಿ ಬೆಳೆದವರಿಗೆ ಈ ಕಟ್ಟು ಪರಿಚಿತ: ಅದೇ ಸಾಲು ಮತ್ತೆ ಬರುತ್ತದೆ, ಕಾವು ಮಾತ್ರ ಪ್ರತಿ ಸುತ್ತಿಗೂ ಒಂದಿಷ್ಟು ಏರುತ್ತದೆ. ರಾಕ್ ರಿಫ್ ಕೂಡ ಕೆಲಸ ಮಾಡುವುದು ಹೀಗೆಯೇ ಎಂದು ಈ ನಾಲ್ವರಿಗೆ ಹೊಳೆಯಿತು. ಆಲ್ಬಮ್ಮಿನ ನಿಜವಾದ ಸಂಶೋಧನೆ ಅದು. ಉಚ್ಚಾರ ಇಂಗ್ಲಿಷರದ್ದೇ; ಐದು ನಿಮಿಷದ ಹಾಡಿನಲ್ಲಿ ಎರಡನೇ ನಿಮಿಷಕ್ಕೇ ಅದು ಕಿವಿಗೆ ಚುಚ್ಚುವುದು ನಿಂತುಹೋಗುತ್ತದೆ.

'ತತ್ತ್ವ' ಇನ್ನೂ ಸಾಹಸದ ಹಾಡು. ಅದರ ಪಲ್ಲವಿ ಗೌಡೀಯ ವೈಷ್ಣವರ ಅಚಿಂತ್ಯ ಭೇದಾಭೇದ ಸಿದ್ಧಾಂತದ ಹೆಸರೇ. ಚೈತನ್ಯರ ಈ ಪಂಥ ತನ್ನ ಗುರುಪರಂಪರೆಯನ್ನು ನಮ್ಮ ಉಡುಪಿಯ ಮಧ್ವಾಚಾರ್ಯರಿಂದ ಎಣಿಸುತ್ತದೆ. ಜೀವ, ಜಡ, ಈಶ್ವರರ ನಡುವಿನ ಪಂಚಭೇದವನ್ನು ಪಟ್ಟುಹಿಡಿದು ಸಾಧಿಸಿದ ಆಚಾರ್ಯರು ಭೇದವೂ ಉಂಟು, ಅಭೇದವೂ ಉಂಟು, ಅದು ಯೋಚನೆಗೆ ಸಿಗದ್ದು ಎಂಬ ಈ ಮಾತಿಗೆ ಏನೆನ್ನುತ್ತಿದ್ದರೋ! ಮಿಲ್ಸ್ ವಾದಕ್ಕೆ ಇಳಿಯುವುದಿಲ್ಲ. ಶಾಸ್ತ್ರದ ಆ ಉದ್ದನೆಯ ಸಮಾಸವನ್ನು ಮುರಿದು, ಮಾತ್ರೆ ಎಣಿಸಿ, ತಾಳವಾದ್ಯದಂತೆ ಬಳಸುತ್ತಾನೆ. ನಡುವಿನ ಇಂಗ್ಲಿಷ್ ಚರಣಗಳಲ್ಲಿ ದನಿ ತಗ್ಗಿಸುತ್ತಾನೆ, ಮಂತ್ರ ಬಂದಾಗ ಇಡೀ ತಂಡ ಏರುತ್ತದೆ. ಅರ್ಥ ಗೊತ್ತಿಲ್ಲದ ಲಕ್ಷಾಂತರ ಬ್ರಿಟಿಷ್ ಹುಡುಗರು ಇದನ್ನು ನಾಲ್ಕನೇ ಸ್ಥಾನಕ್ಕೆ ಏರಿಸಿದ್ದಕ್ಕೆ ಆ ಏರಿಳಿತ ಕಾರಣ, ಸಿದ್ಧಾಂತವಲ್ಲ.

ಇದೇ ಕಿವಿಯಿಂದ ಇಂಗ್ಲಿಷ್ ಹಾಡುಗಳನ್ನು ಕೇಳಿದರೆ ನಿರಾಸೆಯಾಗುತ್ತದೆ. 'ಟೆಂಪಲ್ ಆಫ್ ಎವರ್‌ಲಾಸ್ಟಿಂಗ್ ಲೈಟ್', 'ಮ್ಯಾಜಿಕ್ ಥಿಯೇಟರ್': ಹೆಸರುಗಳಿಂದಲೇ ಊದುಬತ್ತಿಯ ವಾಸನೆ ಬರುತ್ತದೆ. ಬೆಳಕು, ಕನಸು, ಆಳ, ಆತ್ಮ ಎಂದು ದೊಡ್ಡ ಮಾತುಗಳನ್ನು ಮಿಲ್ಸ್ ಸಾಲಾಗಿ ಇಡುತ್ತಾನೆ, ಅವುಗಳ ನಡುವೆ ಒಬ್ಬ ಮನುಷ್ಯನಾಗಲಿ ಒಂದು ಬೀದಿಯಾಗಲಿ ಕಾಣುವುದಿಲ್ಲ. ಮಂತ್ರದಲ್ಲಿ ಪುನರುಕ್ತಿ ಬಲ, ಹೇಳಲು ಹೊರಟ ಹಾಡಿನಲ್ಲಿ ಅದೇ ಬಡತನ. ಅಪವಾದ '303'. ಲಂಡನ್ ಕಡೆಯಿಂದ ಸ್ಟೋನ್‌ಹೆಂಜ್ ಪಕ್ಕದಲ್ಲೇ ಹಾದು ಪಶ್ಚಿಮಕ್ಕೆ ಹೋಗುವ ಎ303 ಹೆದ್ದಾರಿಯ ಮೇಲಿನ ಹಾಡಿದು. ತನ್ನದೇ ನಾಡಿನ ರಸ್ತೆ ಸಿಕ್ಕ ಕೂಡಲೇ ಪದಗಳಿಗೆ ನೆಲ ಸಿಕ್ಕಿದೆ. ಇಂಥವು ಇನ್ನೆರಡು ಇದ್ದಿದ್ದರೆ ಆಲ್ಬಮ್ಮಿನ ಹಣೆಬರಹವೇ ಬೇರೆಯಾಗುತ್ತಿತ್ತು.

ಭಾರತದ ಪ್ರಶ್ನೆ ಬಂದಾಗ ನನಗೆ ಅದೇ ಕಾಲದ ಕಾರ್ನರ್‌ಶಾಪ್ ನೆನಪಾಗುತ್ತದೆ. ಪಂಜಾಬಿ ಮೂಲದ ಟಿಜಿಂದರ್ ಸಿಂಗ್ ಕಟ್ಟಿದ ಆ ತಂಡ 1997ರ ಆಲ್ಬಮ್ಮಿನಲ್ಲಿ ಆಶಾ ಭೋಂಸ್ಲೆಯ ಗುಣಗಾನ ಮಾಡಿತು. ಸಿತಾರನ್ನು ಮೊದಲು ಬಳಸಿದ ಬೀಟಲ್ಸ್ ಹಾಡು 'ನಾರ್ವೀಜಿಯನ್ ವುಡ್' ಅನ್ನು ಪಂಜಾಬಿಯಲ್ಲಿ ಹಾಡಿ, ತೆಗೆದುಕೊಂಡು ಹೋದದ್ದನ್ನು ನಗುತ್ತಲೇ ವಾಪಸು ಪಡೆಯಿತು. ಅವರ ಭಾರತದಲ್ಲಿ ರೇಡಿಯೋ ಇದೆ, ಟಾಕೀಸಿದೆ. ಮಿಲ್ಸ್‌ನ ಭಾರತದಲ್ಲಿ ದೇವಸ್ಥಾನ ಮಾತ್ರ. ಸ್ವಸ್ತಿಕದ ಬಗ್ಗೆ ಉತ್ಸಾಹದಿಂದ ಮಾತಾಡಿ 1997ರಲ್ಲಿ ಅವನು ಸಿಕ್ಕಿಬಿದ್ದದ್ದೂ ಇದೇ ಕುರುಡಿನಿಂದ: ಪವಿತ್ರ ಚಿಹ್ನೆಗೆ ಯುರೋಪಿನಲ್ಲಿ ಅಂಟಿದ ರಕ್ತ ಅವನಿಗೆ ಕಾಣಲಿಲ್ಲ. ಆಮೇಲೆ ಕ್ಷಮೆ ಕೇಳಿದ, ತಂಡದ ಹೆಸರಿಗೆ ಬಿದ್ದ ಪೆಟ್ಟು ಬಿತ್ತು. 1999ರ ಎರಡನೇ ಆಲ್ಬಂ ಬಂದ ವರ್ಷವೇ ತಂಡ ಒಡೆಯಿತು. ಮತ್ತೆ ಕೂಡಿಕೊಂಡವರು 2016ರಲ್ಲಿ 'ಕೆ 2.0' ಎಂದು ಹಳೆಯ ಹೆಸರನ್ನೇ ಹಿಡಿದರು.

'ಗೋವಿಂದ'ವನ್ನು ಬಿಟ್ಟರೆ ಆಲ್ಬಮ್ಮಿನಲ್ಲಿ ನಾನು ಮತ್ತೆ ಮತ್ತೆ ಹಾಕುವುದು ಎಂಟರಿಂದ ಹತ್ತನೇ ಹಾಡಿನವರೆಗಿನ ತುಂಡು. ಎಂಟನೆಯದು 'ಸ್ಲೀಪಿಂಗ್ ಜೀವ'. ಒಂಟಿಯಾಗಿ ಕೇಳಿದರೆ ಅಲಂಕಾರ ಅನ್ನಿಸುವ ಆ ಎರಡು ನಿಮಿಷ 'ತತ್ತ್ವ'ಕ್ಕೆ ಪೀಠಿಕೆಯಾಗಿ ಕೂತಾಗ ಸಾರ್ಥಕ. ಅದರ ಬೆನ್ನಿಗೆ 'ಗ್ರೇಟ್‌ಫುಲ್ ವೆನ್ ಯು ಆರ್ ಡೆಡ್', 1995ರಲ್ಲಿ ತೀರಿಕೊಂಡ ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾನಿಗೆ ಸಲ್ಲಿಸಿದ ಕಾಣಿಕೆ. ಮೊದಲರ್ಧ ಅಬ್ಬರ. ದ್ವಿತೀಯಾರ್ಧದಲ್ಲಿ ಲಯ ನಿಧಾನವಾಗಿ, ಉಪದೇಶದ ಹಂಗಿಲ್ಲದೆ ನಾಲ್ವರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತಾರೆ. ಇವರು ಎಷ್ಟು ಒಳ್ಳೆಯ ವಾದ್ಯಗಾರರು ಎಂಬುದು ಸರಿಯಾಗಿ ಗೊತ್ತಾಗುವುದು ಅಲ್ಲಿ.